ಪಕ್ಕದ ಕೋಣೆಯ ನ್ಯಾಯ

ಕೋರ್ಟಿನಿಂದ ಬಂದ ಸಂಜೆಗಳಲ್ಲಿ ಅವರ ಹಣೆಯ ಮೇಲೆ ಒಂದು ಕೆಂಪು ಗೆರೆ ಇರುತ್ತಿತ್ತು. ಇಂಗ್ಲೆಂಡಿನ ಕ್ರೌನ್ ಕೋರ್ಟಿನ ನ್ಯಾಯಾಧೀಶರು ಇವತ್ತಿಗೂ ಕುದುರೆಗೂದಲಿನ ಬಿಳಿ ವಿಗ್ ಧರಿಸಿಯೇ ಪೀಠದಲ್ಲಿ ಕೂರುತ್ತಾರೆ. ಅದರ ಅಂಚು ದಿನವಿಡೀ ಒತ್ತಿ ಬಿದ್ದ ಗುರುತು ಅದು. ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಆ ಗೆರೆಯನ್ನು ತಿಕ್ಕುತ್ತ, "ಬಾ ತಂಗಿ, ಚಹಾ ಇಡು" ಎನ್ನುತ್ತಿದ್ದರು.

ನಾನು ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ಹಡರ್ಸ್‌ಫೀಲ್ಡ್‌ನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಡಾಕ್ಟರಾಗಿದ್ದ ತಂದೆಯ ಜೊತೆ ಹುಡುಗಿಯಾಗಿದ್ದಾಗಲೇ ವಿಜಯಪುರದಿಂದ ಬಂದವರು. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕಲಿತ ಕನ್ನಡ. ಆ ಕನ್ನಡ ಅವರು ಊರು ಬಿಟ್ಟ ವರ್ಷಕ್ಕೇ ನಿಂತುಬಿಟ್ಟಿತ್ತು. ಧಾರವಾಡದವಳಾದ ನನಗೆ ಅದನ್ನು ಕೇಳುವುದೇ ಒಂದು ಸುಖ. ಆಪಾ ಮದುವೆಯಾಗಿರಲಿಲ್ಲ. ಭಾನುವಾರಗಳಲ್ಲಿ ಶೇಂಗಾ ಹುರಿದು, ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿ ನಮ್ಮ ಮನೆಗೂ ಒಂದು ಡಬ್ಬಿ ಕೊಡುತ್ತಿದ್ದರು. ನನ್ನ ಮಗಳು ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿದರೆ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡು, "ಕನ್ನಡದಾಗ ಕೇಳಿದ್ರ ಮಾತ್ರ ಕೊಡತೀನಿ" ಎಂದು ಕಾಡುತ್ತಿದ್ದರು.

ಕೊಡುವುದರಲ್ಲಿ ಧಾರಾಳ, ತೆಗೆದುಕೊಳ್ಳುವುದರಲ್ಲಿ ಮಾತ್ರ ಕಲ್ಲು. ನಮ್ಮ ಮನೆಯದನ್ನು ಬಿಟ್ಟು ಬೇರೆ ಯಾರ ಮನೆಯ ಮಾವಿನಹಣ್ಣೂ ಅವರ ಹೊಸ್ತಿಲು ದಾಟಲಿಲ್ಲ. ಒಮ್ಮೆ ಲೀಡ್ಸ್‌ನಲ್ಲಿ ಕನ್ನಡದವರು ಸೇರಿದ್ದ ಊಟಕ್ಕೆ ನಾನೇ ಅವರನ್ನು ಒತ್ತಾಯ ಮಾಡಿ ಕರೆದೊಯ್ದಿದ್ದೆ. ಹಿರಿಯ ಡಾಕ್ಟರೊಬ್ಬರು ನಗುತ್ತ, "ಮೇಡಂ, ನಮ್ಮ ಕಡೆ ಹುಡುಗರು ನಿಮ್ಮ ಕೋರ್ಟಿಗೆ ಬಂದ್ರೆ ಸ್ವಲ್ಪ ನೋಡ್ಕೊಳ್ಳಿ" ಅಂದರು. ತಮಾಷೆಗೆ ಅಂದದ್ದು. ಆಪಾ ತಮಗೆ ಬಡಿಸಿದ ತಟ್ಟೆಯನ್ನು ಹಾಗೆಯೇ ಇಟ್ಟು ಎದ್ದರು. ಕಾರಿನಲ್ಲಿ ಮನೆ ಹತ್ತಿರ ಬಂದಾಗ ಹೇಳಿದರು: "ಇದಕ್ಕೇ ನೋಡು ನಾ ಎಲ್ಲಿಗೂ ಬರೂದಿಲ್ಲ. ಆ ಮಾತು ತಲಿಯೊಳಗ ಹೊಕ್ಕರ ಹೊರಗ ಹೋಗೂದಿಲ್ಲ."

ಅದು ನಿಜವಾಗಿಯೂ ಹೊರಗೆ ಹೋಗಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಎರಡು ಚಳಿಗಾಲಗಳ ಹಿಂದೆ, ಎಲೆ ಉದುರುವ ಹೊತ್ತಿಗೆ, ನಮ್ಮ ರಸ್ತೆಯ ಬಸ್ ಸ್ಟಾಪಿನಲ್ಲಿ ಒಬ್ಬರು ನಿಲ್ಲತೊಡಗಿದರು. ಬಿಳಿ ಗಡ್ಡ, ಕಡುನೀಲಿ ಕೋಟು. ಬಸ್ಸು ಬರುತ್ತಿತ್ತು, ನಿಲ್ಲುತ್ತಿತ್ತು, ಹೋಗುತ್ತಿತ್ತು. ಅವರು ಹತ್ತುತ್ತಿರಲಿಲ್ಲ. ಆಪಾನ ಕಿಟಕಿಯನ್ನೇ ನೋಡುತ್ತಿದ್ದರು. ಮೊದಲ ವಾರ ನಾನು ಲಕ್ಷ್ಯ ಕೊಡಲಿಲ್ಲ. ಆಮೇಲೆ ಮಗಳನ್ನು ಆ ಕಡೆಯಿಂದ ಕಳಿಸುವುದನ್ನು ಬಿಟ್ಟೆ. ಕೊನೆಗೊಂದು ಸಂಜೆ ಆಪಾನ ಅಡುಗೆಮನೆಯಲ್ಲಿ ನಿಂತು ಫೋನ್ ಕೈಗೆ ತೆಗೆದುಕೊಂಡೆ.

"ಪೊಲೀಸರಿಗೆ ಹೇಳ್ತೀನ್ರಿ, ಆಪಾ. ನನಗ ಹೆದರಿಕಿ ಆಗ್ತದ."

"ಬ್ಯಾಡ. ನಿಲ್ಲೋದು ಅಪರಾಧ ಅಲ್ಲ." ಪರದೆಯನ್ನು ಅವರು ಎಳೆಯಲೂ ಇಲ್ಲ. "ಅವರ ಮಗನ್ನ ನಾಲ್ಕು ವರ್ಷ ಜೈಲಿಗೆ ಕಳಿಸೀನಿ ನಾನು."

ಹುಡುಗ ಇನ್ನೂ ಕಾಲೇಜಿನವನು. ಗೆಳೆಯ ಕೊಟ್ಟ ಮಾದಕವಸ್ತುವಿನ ಚೀಲವನ್ನು ಕಾರಿನಲ್ಲಿ ಸಾಗಿಸಿದ್ದ. ಅದು ಅವನ ಮೊದಲ ಅಪರಾಧ, ತಪ್ಪನ್ನೂ ಒಪ್ಪಿಕೊಂಡಿದ್ದ. ಅದೇ ವಾರ ಅದೇ ಕಟ್ಟಡದ ಪಕ್ಕದ ಕೋಣೆಯಲ್ಲಿ, ಅಂಥದೇ ತಪ್ಪು ಮಾಡಿದ ಇನ್ನೊಬ್ಬ ಹುಡುಗನನ್ನು ಬೇರೆ ನ್ಯಾಯಾಧೀಶರು ಜೈಲನ್ನು ತಡೆಹಿಡಿಯುವ ಸಸ್ಪೆಂಡೆಡ್ ಶಿಕ್ಷೆ ಕೊಟ್ಟು ಮನೆಗೆ ಕಳಿಸಿದ್ದರು. ಶಿಕ್ಷೆ ಓದಿದಾಗ ಈ ತಂದೆ ಗ್ಯಾಲರಿಯಿಂದ ಕೂಗಿದ್ದರಂತೆ, "ಪಕ್ಕದ ಕೋಣೆಯಲ್ಲಿ ನಿಂತಿದ್ದರೆ ನನ್ನ ಮಗ ಮನೆಗೆ ಬರುತ್ತಿದ್ದ!"

"ಅವರು ಹೇಳಿದ್ದು ಖರೇ ಏನು, ನನಗ ಗೊತ್ತಾಗಬೇಕು," ಅಂದರು ಆಪಾ. "ನೀನು ಸರ್ಜನ್ನರನ್ನ ಹೋಲಿಸಿ ನೋಡ್ತೀಯಲ್ಲ, ಹಂಗ ನನ್ನ ನೋಡು."

ನನ್ನ ಕೆಲಸ ಅದೇ. ಆಸ್ಪತ್ರೆಗಳಲ್ಲಿ ಒಬ್ಬ ಸರ್ಜನ್ನರ ಕೈಯಲ್ಲಿ ಆದ ಶಸ್ತ್ರಚಿಕಿತ್ಸೆಗಳ ಫಲವನ್ನು ಉಳಿದವರ ಫಲದ ಜೊತೆ ಇಟ್ಟು ನೋಡುವುದು. ಕಷ್ಟದ ರೋಗಿಗಳೇ ಒಬ್ಬರ ಪಾಲಿಗೆ ಬಂದಿರಬಹುದು, ಆದ್ದರಿಂದ ಸಮವಾದದ್ದನ್ನು ಸಮವಾದದ್ದರ ಜೊತೆಗೇ ಹೋಲಿಸಬೇಕು. ಇದನ್ನೆಲ್ಲ ಎಂದೋ ಊಟದ ಹೊತ್ತಿನಲ್ಲಿ ಹೇಳಿದ್ದೆ. ಅವರು ಮರೆತಿರಲಿಲ್ಲ.

"ನನ್ನ ಕಡೆಯಿಂದ ಒಂದು ಹಾಳೀನೂ ಬರೂದಿಲ್ಲ. ಪತ್ರಿಕೆಯೊಳಗ ಬಂದದ್ದು, ತೆರೆದ ಕೋರ್ಟಿನೊಳಗ ಓದಿದ್ದು, ಎಲ್ಲಾರಿಗೂ ಸಿಗೂದು, ಅಷ್ಟ ತಗೋ. ನನ್ನ ಮುಖಾ ನೋಡಿ ಏನೂ ಬಿಡಬ್ಯಾಡ."

ಆ ಚಳಿಗಾಲದ ಶನಿವಾರ ಭಾನುವಾರಗಳೆಲ್ಲ ಅದರಲ್ಲೇ ಹೋದವು. ಸ್ಥಳೀಯ ಪತ್ರಿಕೆಗಳ ಕೋರ್ಟು ವರದಿಗಳನ್ನು ಹುಡುಕಿ, ಆ ಕೋರ್ಟಿನ ಐದಾರು ನ್ಯಾಯಾಧೀಶರ ಶಿಕ್ಷೆಗಳನ್ನು ಅಪರಾಧ, ವಯಸ್ಸು, ಹಿಂದಿನ ತಪ್ಪುಗಳು ಎಲ್ಲ ಹೊಂದುವ ಹಾಗೆ ಜೋಡಿಸಿದೆ. ಕಳ್ಳತನ, ಹೊಡೆದಾಟ, ಕುಡಿದು ಕಾರು ಓಡಿಸಿದ್ದು, ಎಲ್ಲದರಲ್ಲೂ ಆಪಾ ಉಳಿದವರ ಹಾಗೆಯೇ ಇದ್ದರು. ನನಗೆ ಎಷ್ಟು ಹಗುರವಾಯಿತೆಂದರೆ ಅಲ್ಲಿಗೇ ನಿಲ್ಲಿಸಬೇಕೆನಿಸಿತು. ಆದರೆ ಅಪರಾಧಿಗಳ ಹೆಸರುಗಳ ಮೇಲೆ ಕಣ್ಣಾಡಿಸುತ್ತಿದ್ದಾಗ ಕೆಲವು ಹೆಸರುಗಳ ಬಳಿ ಕಣ್ಣು ನಿಂತಿತು. ಅವುಗಳನ್ನು ಬೇರೆ ಮಾಡಿ ಮತ್ತೆ ನೋಡಿದೆ. ನಂಬಲಾಗದೆ ಮೊದಲಿನಿಂದ ಮಾಡಿದೆ. ಬಂದದ್ದು ಅದೇ. ಹೊರಗೆ ಆ ಮನುಷ್ಯ ಹಿಮದಲ್ಲಿ ನಿಂತೇ ಇದ್ದರು.

ಹೇಳಲು ಹೋದ ದಿನ ಆಪಾ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ತೀರ್ಪು ಕೇಳುವವರ ಹಾಗೆ.

"ಒಟ್ಟಾರೆ ನೋಡಿದ್ರ ನೀವು ಉಳಿದವರಂಗ ಇದ್ದೀರಿ," ಅಂದೆ.

"ಮುಂದ?"

"ಹುಡುಗನ ಹೆಸರು ನಮ್ಮ ದೇಶದ ಕಡೇದಾದ್ರ..." ಹಾಳೆಯನ್ನು ಅವರ ಕಡೆ ಸರಿಸಿದೆ. "ಅದೇ ತಪ್ಪಿಗೆ ಉಳಿದವರು ಮನಿಗೆ ಕಳಿಸ್ಯಾರ್ರಿ. ನೀವು ಒಳಗ ಕಳಿಸೀರಿ. ಒಂದೆರಡು ಸಲ ಅಲ್ಲ."

ಆಪಾ ಕೆನೆ ಕಟ್ಟಿದ ಚಹಾದ ಕಪ್ಪನ್ನು ದೂರ ಸರಿಸಿದರು. ಆಮೇಲೆ ಬಹಳ ಮೆಲ್ಲಗೆ, "ತನ್ನವರಂತ ಬಿಟ್ಲು ಅಂತ ಯಾರೂ ಅನ್ನಬಾರದು ಅಂತಿದ್ದೆ. ಈ ಕಡೆ ಬೀಳಬಾರದಂತ ಹೆದರಿ ಆ ಕಡೆ ಬಿದ್ದೀನಿ" ಅಂದರು.

"ಕೇಸು ಕಡಿಮಿ ಅವ ಆಪಾ. ಯೋಗಾಯೋಗನೂ ಇರಬಹುದು."

"ಸರ್ಜನ್ನರಿಗೂ ಹಂಗ ಹೇಳಿ ಬಿಡ್ತೀರೇನು?"

ಸುಳ್ಳು ಹೇಳಲಾಗಲಿಲ್ಲ. "ಇಲ್ರಿ. ಖಾತ್ರಿ ಆಗೂತನಕ ಚಾಕು ಕೆಳಗಿಡ್ರಿ ಅಂತೀವಿ."

"ಹಂಗಾದ್ರ ನಾನೂ ಇಡತೀನಿ."

ಮರುದಿನವೇ ಹಿರಿಯ ನ್ಯಾಯಾಧೀಶರಿಗೆ ಎಲ್ಲವನ್ನೂ ಹೇಳಿ, ಇನ್ನು ಶಿಕ್ಷೆ ಕೊಡುವ ಕೇಸುಗಳು ತಮಗೆ ಬೇಡವೆಂದರು. ಕೊಟ್ಟ ಶಿಕ್ಷೆಯನ್ನು ನ್ಯಾಯಾಧೀಶರು ತಾವೇ ತಿದ್ದಲು ಇಲ್ಲಿ ಕೆಲವೇ ವಾರಗಳ ಅವಕಾಶವಿದೆ. ಆ ಅವಧಿಯೊಳಗೆ ಇದ್ದವನು ಒಬ್ಬನೇ, ಬೇರೊಬ್ಬ ಹುಡುಗ. ಅವನನ್ನು ಮತ್ತೆ ಕರೆಸಿ, ತಾವು ಕೊಟ್ಟ ಶಿಕ್ಷೆ ಹೆಚ್ಚಾಗಿತ್ತು ಎಂದು ತುಂಬಿದ ಕೋರ್ಟಿನಲ್ಲಿ ಹೇಳಿ ಕಡಿಮೆ ಮಾಡಿದರು. ಬಸ್ ಸ್ಟಾಪಿನಲ್ಲಿ ನಿಲ್ಲುವವರ ಮಗನಿಗೆ ಉಳಿದದ್ದು ಮೇಲ್ಮನವಿಯೊಂದೇ. ನನ್ನ ಹೋಲಿಕೆಯನ್ನು ಅವನ ವಕೀಲರಿಗೆ ಕೊಡಲು ಹೇಳಿದರು. "ನನ್ನ ಹೆಸರು ಅಳಿಸಬ್ಯಾಡ" ಎಂದು ಎರಡು ಸಲ ಹೇಳಿದರು.

ಸುದ್ದಿ ಹೊರಬಿತ್ತು. ಇಲ್ಲಿನವರು, ನಮ್ಮವರು, ಎರಡೂ ಕಡೆಯವರು ತಿರುಗಿಬಿದ್ದರು. ಒಂದು ಬೆಳಿಗ್ಗೆ ಅವರ ಬಾಗಿಲಿನ ಮೇಲೆ ಕಪ್ಪು ಬಣ್ಣ ಸುರಿದಿತ್ತು. ಲೀಡ್ಸ್‌ನ ಅದೇ ಡಾಕ್ಟರು ನನ್ನ ಗಂಡನಿಗೆ ಫೋನ್ ಮಾಡಿ, "ಇನ್ಮೇಲೆ ನಮ್ಮವರನ್ನ ಯಾರು ಜಡ್ಜ್ ಹುದ್ದೇಲಿ ಕೂರಿಸ್ತಾರೆ?" ಎಂದು ರೇಗಿದರು. ಆಪಾ ರಾಜೀನಾಮೆ ಕೊಟ್ಟರು. ನಾನೇ ಅವರನ್ನು ಹಾಳು ಮಾಡಿದೆನೇನೋ ಎಂದು ಒಂದು ದಿನ ಅತ್ತಾಗ, ನನ್ನ ತಲೆಯ ಮೇಲೆ ಕೈಯಿಟ್ಟು, "ನೀ ಬಿಟ್ಟಿದ್ರ ನಾ ಇನ್ನೂ ಎಷ್ಟು ಮಂದಿನ್ನ ಕಳಿಸ್ತಿದ್ದೆ?" ಅಂದರು.

ಮೇಲ್ಮನವಿಯ ನ್ಯಾಯಾಲಯ ಹೋಲಿಕೆಯ ವಿಚಾರ ಎತ್ತಲೇ ಇಲ್ಲ. ಶಿಕ್ಷೆ ಅತಿಯಾಯಿತು ಎಂದಷ್ಟೇ ಹೇಳಿ ಹುಡುಗನನ್ನು ಬಿಟ್ಟಿತು. ಅಷ್ಟರಲ್ಲಿ ತಡವಾಗಿತ್ತು. ಜೈಲಿನಲ್ಲಿ ಯಾರೋ ಅವನ ತಲೆಗೆ ಹೊಡೆದಿದ್ದರು.

ಬೇಸಿಗೆಯ ಒಂದು ಮಧ್ಯಾಹ್ನ ಬಿಳಿ ಗಡ್ಡದವರು ರಸ್ತೆ ದಾಟಿ ಬಂದು ಆಪಾನ ಬಾಗಿಲು ತಟ್ಟಿದರು. ನಾನು ಅಲ್ಲೇ ಇದ್ದೆ. ಅವರು ಒಳಗೆ ಬರಲಿಲ್ಲ. "ಮಗ ಮನೆಗೆ ಬಂದಿದ್ದಾನೆ. ಒಮ್ಮೆ ಬಂದು ನೋಡಿ" ಎಂದರು ಉರ್ದುವಿನಲ್ಲಿ. ಅದು ಕರೆಯೋ ಬೆದರಿಕೆಯೋ ತಿಳಿಯಲಿಲ್ಲ. ನಾನು ಆಪಾನ ತೋಳು ಹಿಡಿದೆ. ಆಪಾ ಬಿಡಿಸಿಕೊಂಡು ಕೋಟು ಹಾಕಿಕೊಂಡರು. ನಾನೂ ಹೊರಟೆ.

ಅವರ ಮನೆಯ ಮುಂಗೋಣೆಯಲ್ಲಿ ಹುಡುಗ ಸೋಫಾದ ಮೇಲೆ ಕೂತಿದ್ದ. ತಾಯಿ ಪಕ್ಕದಲ್ಲಿ ಕೂತು ಅವನ ಗಲ್ಲ ಒರೆಸುತ್ತಿದ್ದರು. ಅವನಿಗೆ ಮಾತು ಸರಿಯಾಗಿ ಬರುತ್ತಿರಲಿಲ್ಲ. ಯಾರನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಆಪಾ ಬಾಗಿಲಲ್ಲಿ ಕಾಣಿಸಿದ್ದೇ ತಡ, ಕಣ್ಣು ಅವರ ಮೇಲೆ ನಿಂತಿತು. ಸೋಫಾದ ತೋಳಿಗೆ ಕೈಯೂರಿ, ಒಂದು ಕಾಲು ಎಳೆಯುತ್ತ, ತಾಯಿ ತಡೆದರೂ ಕೇಳದೆ ಅವನು ಎದ್ದು ನಿಂತ. ನ್ಯಾಯಾಧೀಶರು ಒಳಬಂದಾಗ ಕೋರ್ಟಿನಲ್ಲಿ ಎಲ್ಲರೂ ಏಳುತ್ತಾರಲ್ಲ, ಹಾಗೆ.

"ಕೂಡು ಬೇಟಾ, ಕೂಡು," ಎನ್ನುತ್ತ ಆಪಾ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಅವರು ಕುರ್ಚಿಯಲ್ಲಿ ಕೂರುವವರೆಗೂ ಅವನು ಕೂರಲಿಲ್ಲ. ತಂದೆ ಗೋಡೆಯ ಕಡೆ ತಿರುಗಿ ನಿಂತಿದ್ದರು.

ಆಮೇಲೆ ಪ್ರತಿ ಗುರುವಾರ ಆಪಾ ಅಲ್ಲಿಗೆ ಹೋದರು. ಅವನಿಗೆ ಓದಿ ಹೇಳುತ್ತಿದ್ದರು, ಚಮಚ ಹಿಡಿಯುವುದನ್ನು ಕಲಿಸುತ್ತಿದ್ದರು. ಕ್ಷಮೆಯ ಮಾತು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ, ಅವರೂ ಕೇಳಲಿಲ್ಲ. ಹುಡುಗ ಪ್ರತಿ ಸಲವೂ ಎದ್ದು ನಿಂತ. ಮನೆಗೆ ಬಂದ ಮೇಲೆ ಅವರು ಊಟ ಮಾಡುತ್ತಿರಲಿಲ್ಲ. ಕಳೆದ ಮಾರ್ಚ್‌ನಲ್ಲಿ ಒಂದು ಗುರುವಾರ ಬೆಳಿಗ್ಗೆ, ಹೊರಡಲು ಶೂ ಕಟ್ಟಿಕೊಳ್ಳುತ್ತ ಮೆಟ್ಟಿಲ ಮೇಲೆ ಕುಸಿದರು. ಗೋಡೆಯಾಚೆ ಆದ ಸದ್ದು ಕೇಳಿ ನಾನು ಓಡಿಹೋಗುವಷ್ಟರಲ್ಲಿ ಉಸಿರಿರಲಿಲ್ಲ.

ಈಗ ಗುರುವಾರ ನಾನು ಹೋಗುತ್ತೇನೆ. ಆಪಾ ಅರ್ಧಕ್ಕೆ ಬಿಟ್ಟ ಪುಸ್ತಕವನ್ನೇ ಮುಂದುವರಿಸಿ ಓದುತ್ತೇನೆ. ಹುಡುಗನಿಗೆ ನನ್ನ ಗುರುತು ಹತ್ತಿದೆ, ಕೆಲವೊಮ್ಮೆ ನಗುತ್ತಾನೆ. ನನ್ನನ್ನು ಕಂಡು ಅವನು ಏಳುವುದಿಲ್ಲ. ಆದರೆ ನಾನು ಒಳಬಂದು ಬಾಗಿಲು ಮುಚ್ಚುವವರೆಗೂ ನನ್ನ ಬೆನ್ನ ಹಿಂದೆಯೇ ನೋಡುತ್ತಾನೆ, ಎರಡೂ ಕೈ ಸೋಫಾದ ತೋಳಿನ ಮೇಲೆ ಊರಿಕೊಂಡು.