ಬೀಜಕ್ಕೆ ಬಿಟ್ಟ ಸೌತೆಕಾಯಿ

ಬ್ಯಾಂಕಿನವನಿಗೂ ಗಿಡಮರಕ್ಕೂ ಆಗಿಬರುವುದಿಲ್ಲ. ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವವನು ತೆಂಗಿನ ಸಸಿ ನೆಟ್ಟರೆ, ಅದರ ಎಳನೀರು ಕುಡಿಯುವವನು ಅವನ ನಂತರ ಬಂದವನ ನಂತರ ಬಂದವನು. ಈ ಮಹಾಸತ್ಯವನ್ನು ನಾನು ಮದುವೆಯಾದ ವರ್ಷವೇ ಹೆಂಡತಿಗೆ ತಿಳಿಸಿದ್ದೆ. ಅವಳು ಪುತ್ತೂರಿನ ಕಡೆಯವಳು. ತಲೆಯಾಡಿಸಿ ಕೇಳಿಸಿಕೊಂಡು, ಮರುದಿನವೇ ಪೇಂಟಿನ ಖಾಲಿ ಬಕೆಟ್ಟಿಗೆ ತೂತು ಕೊರೆದು ಮಣ್ಣು ತುಂಬಿದಳು. “ಮರ ಬೇಡ ಅಂದ್ರಲ್ಲ, ಬಳ್ಳಿ ಹಾಕ್ತೇನೆ. ಬಳ್ಳಿಗೆ ನಾಲ್ಕು ತಿಂಗಳು ಸಾಕು. ಅಷ್ಟರೊಳಗೆ ನಿಮ್ಮನ್ನು ಯಾರೂ ಓಡಿಸ್ಲಿಕ್ಕಿಲ್ಲ” ಎಂದಳು. ನಾನು ತುಮಕೂರಿನವನು, ಮದುವೆಗೆ ಮುಂಚೆ ವಾದದಲ್ಲಿ ಸೋತವನಲ್ಲ.

ಹೀಗೆ ನಮ್ಮ ಸಂಸಾರ ಎಲ್ಲಿಗೆ ಹೋದರೂ ಲಾರಿಯಲ್ಲಿ ಮೊದಲು ಏರುತ್ತಿದ್ದದ್ದು ಬಕೆಟ್ಟುಗಳು, ಆಮೇಲೆ ಮಂಚ, ಜಾಗ ಉಳಿದರೆ ನಾನು. ವಿಶಾಖಪಟ್ಟಣದ ಗಾಜುವಾಕಕ್ಕೆ ವರ್ಗವಾದಾಗಲೂ ಅದೇ ಕ್ರಮ. ಅಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಮನೆಯೊಡತಿ, ಮೇಲೆ ತಾರಸಿ. ತಾರಸಿಯ ಮೇಲೆ ಒಗೆದ ಬಟ್ಟೆ ಹಾಕಿದರೆ ಸಂಜೆಯೊಳಗೆ ಮತ್ತೆ ಒಗೆಯಬೇಕು, ಅಂಥ ಕಪ್ಪು ಧೂಳು. ಆ ಧೂಳು ಸುತ್ತಲಿನ ಯಾವ ಕಾರ್ಖಾನೆಯ ಕೊಡುಗೆ ಎಂದು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ದಿಕ್ಕಿಗೆ ಕೈ ತೋರಿಸುತ್ತಿದ್ದರು. ನನ್ನ ಹೆಂಡತಿ ಕೈ ತೋರಿಸುವ ಗೋಜಿಗೆ ಹೋಗಲಿಲ್ಲ. ದಿನಾ ಬೆಳಗ್ಗೆ ಒದ್ದೆ ಬಟ್ಟೆ ಹಿಡಿದು ಒಂದೊಂದೇ ಎಲೆಯ ಮುಖ ಒರೆಸುತ್ತಿದ್ದಳು. ನನ್ನ ಮುಖ ಅಷ್ಟು ಅಕ್ಕರೆಯಿಂದ ಯಾವತ್ತೂ ಯಾರೂ ಒರೆಸಿದ್ದಿಲ್ಲ, ಇರಲಿ.

ಬಸಳೆ, ತೊಂಡೆ, ದೊಡ್ಡಪತ್ರೆ ಎಲ್ಲ ಇತ್ತು. ಆದರೆ ಪಟ್ಟದರಾಣಿ ಸೌತೆಬಳ್ಳಿ. ಕೋಸಂಬರಿಗೆ ಹೆಚ್ಚುವ ಎಳೆಸೌತೆಯಲ್ಲ. ಕರಾವಳಿಯವರು ಹುಳಿಗೆ ಹಾಕುವ, ಮೊಣಕೈಯುದ್ದದ, ಹಳದಿ ಮೈಗೆ ಹಸಿರು ಗೆರೆ ಎಳೆದ ಊರ ಸೌತೆ. ಅದರ ಬೀಜ ನನ್ನ ಅತ್ತೆಯದು. ಅತ್ತೆ ಪ್ರತಿ ವರ್ಷ ಒಂದು ಕಾಯಿಯನ್ನು ಬಳ್ಳಿಯಲ್ಲೇ ಪೂರ್ತಿ ಹಣ್ಣಾಗಲು ಬಿಟ್ಟು, ಬೀಜಕ್ಕೆ ಬೂದಿ ಕಲಸಿ, ಬಚ್ಚಲ ಒಲೆಯ ಮೇಲಿನ ಗೋಡೆಗೆ ಮೆತ್ತುತ್ತಿದ್ದರು. ಮಗಳನ್ನು ಕಳುಹಿಸಿಕೊಡುವಾಗ ಅದನ್ನೇ ಒಂದು ಹಿತ್ತಾಳೆ ಕರಡಿಗೆಯಲ್ಲಿ ಹಾಕಿ ಕೊಟ್ಟಿದ್ದರು. ಅಳಿಯನಿಗೆ ಒಂದು ವಾಚು ಕೊಟ್ಟರು. ವಾಚು ಎರಡೇ ವರ್ಷಕ್ಕೆ ನಿಂತಿತು.

ಅತ್ತೆ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷಾಂತಿಕಕ್ಕೆಂದು ಹೆಂಡತಿ ಹದಿನೈದು ದಿನ ಊರಿಗೆ ಹೊರಟಳು. ನನಗೆ ರಜೆ ಸಿಗಲಿಲ್ಲ. ಸಿಗಲಿಲ್ಲ ಎನ್ನುವುದಕ್ಕಿಂತ ಕೇಳಲಿಲ್ಲ ಎನ್ನುವುದು ಹೆಚ್ಚು ನಿಜ. ಮಾರ್ಚ್ ಹತ್ತಿರವಿರುವಾಗ ರಜೆ ಕೇಳುವ ಧೈರ್ಯ ನನಗಿಲ್ಲ. ಹೊರಡುವ ಹಿಂದಿನ ದಿನ ಅವಳು ನನ್ನನ್ನು ತಾರಸಿಗೆ ಕರೆದೊಯ್ದು ಎಲ್ಲ ವಿವರಿಸಿದಳು. ನಾನು ಕೈಗೆ ಹಾಳೆ, ಪೆನ್ನು ತೆಗೆದುಕೊಂಡೆ. ನಮ್ಮಲ್ಲಿ ಒಬ್ಬ ಅಧಿಕಾರಿ ಹೋಗಿ ಇನ್ನೊಬ್ಬ ಬರುವಾಗ ಚಾರ್ಜ್ ಲಿಸ್ಟ್ ಅಂತ ಮಾಡುತ್ತೇವೆ. ಬೀರು ಎಷ್ಟು, ಬೀಗದ ಕೈ ಎಷ್ಟು, ಕುರ್ಚಿ ಎಷ್ಟು, ಎಲ್ಲ ಎಣಿಸಿ ಇಬ್ಬರೂ ಸಹಿ ಹಾಕುವುದು. ಅದೇ ಶಿಸ್ತಿನಲ್ಲಿ ಬರೆದೆ: ಬಕೆಟ್ಟು ಹದಿನಾಲ್ಕು, ಬಳ್ಳಿ ಐದು, ಸೌತೆಕಾಯಿ ಎರಡು.

“ಬರೆಯೋದು ಬಿಟ್ಟು ಕೇಳಿ ಮಾರಾಯ್ರೆ” ಎಂದಳು. “ಗೋಡೆ ಬದಿಯದ್ದು ನೀವು ಹುಳಿ ಮಾಡಿಕೊಳ್ಳಿ. ಟ್ಯಾಂಕಿ ಪಕ್ಕದ್ದು ಬೀಜಕ್ಕೆ ಬಿಟ್ಟದ್ದು. ಕರಡಿಗೆಯಲ್ಲಿದ್ದದ್ದನ್ನೆಲ್ಲ ಬಿತ್ತಿ ಆಯ್ತು, ಮೊಳೆತದ್ದು ಈ ಬಳ್ಳಿ ಒಂದೇ, ಇದೂ ಇನ್ನು ಕಾಯಿ ಬಿಡ್ಲಿಕ್ಕಿಲ್ಲ. ಅಣ್ಣನ ಮನೆಯಲ್ಲೂ ಇಲ್ಲ, ಅಮ್ಮ ತರಕಾರಿ ಮಾಡ್ತಿದ್ದ ಜಾಗಕ್ಕೆ ಅವನು ಕಾರಿಗೆ ಅಂತ ಇಂಟರ್‌ಲಾಕ್ ಕಲ್ಲು ಹಾಸಿದ್ದಾನೆ. ಅಮ್ಮನ ಬೀಜ ಅಂತ ಉಳಿದಿರೋದು ಆ ಒಂದು ಕಾಯಿಯೊಳಗೆ.”

“ಆಯ್ತು ಕಣೇ” ಎಂದೆ. ಎರಡು ಎನ್ನುವ ಅಂಕಿಯ ಕೆಳಗೆ ಗೆರೆಯನ್ನೂ ಎಳೆದೆ.

ಅವಳು ಹೋದ ಮೇಲೆ ನನ್ನ ಊಟದ ಹೊಣೆಯನ್ನು ಮನೆಯೊಡತಿ ತಾವಾಗಿಯೇ ವಹಿಸಿಕೊಂಡರು. ಅರವತ್ತು ದಾಟಿದ, ಕೈಯೂ ಬಾಯಿಯೂ ದೊಡ್ಡದಾದ ಹೆಂಗಸು. ಹೆಂಡತಿ ಊರಿಗೆ ಹೋದ ಗಂಡಸು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ ಎಂದು ಅವರಿಗೆ ಖಾತ್ರಿಯಿತ್ತು. ನಾಲ್ಕನೇ ದಿನ ಪುಳಿಹೋರ, ಆರನೇ ದಿನ ಗೋಂಗೂರ ಪಪ್ಪು ಅನ್ನುವ ಪುಂಡಿಸೊಪ್ಪಿನ ತೊವ್ವೆ, ಎಂಟನೇ ದಿನ ಮತ್ತೊಂದು ಪಪ್ಪು. ಎಲ್ಲ ಒಂದೇ ದೊಡ್ಡ ಸ್ಟೀಲಿನ ಡಬ್ಬಿಯಲ್ಲಿ. ಮೊದಲೆರಡು ಸಲ ಡಬ್ಬಿಯ ಜೊತೆ ಬಾಳೆಹಣ್ಣು ಇಟ್ಟು ಹಿಂದಿರುಗಿಸಿದೆ. ಪಾತ್ರೆಯನ್ನು ಖಾಲಿ ಕೊಡಬಾರದು, ಇದು ನನ್ನ ತಾಯಿ ಕಲಿಸಿದ ಸಂಸ್ಕಾರ. ನನ್ನಲ್ಲಿ ಉಳಿದಿರುವ ಸಂಸ್ಕಾರವೂ ಅದೊಂದೇ.

ಒಂಬತ್ತನೇ ದಿನ ಬೆಳಗ್ಗೆ ಬ್ಯಾಂಕಿಗೆ ಹೊರಡುವ ಅವಸರ. ಡಬ್ಬಿ ತೊಳೆದಿಟ್ಟಿದ್ದೆ. ಬಾಳೆಹಣ್ಣು ಮುಗಿದಿತ್ತು. ಅಡುಗೆಮನೆಯಲ್ಲಿ ಹುಡುಕಿದೆ, ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಗಂಡಸರ ಕಣ್ಣಿಗೆ ಅಡುಗೆಮನೆಯಲ್ಲಿ ಏನೂ ಬೀಳುವುದಿಲ್ಲ. ತಾರಸಿಗೆ ಹೋದೆ. ಗೋಡೆ ಬದಿಯ ಕಾಯಿ ಹುಳ ಹಿಡಿದು ಉದುರಿತ್ತು. ಟ್ಯಾಂಕಿ ಪಕ್ಕದ್ದು ಮಾತ್ರ ಬಂಗಾರದ ಬಣ್ಣಕ್ಕೆ ತಿರುಗಿ ಕೂತಿತ್ತು. ಎಂಥ ಕಾಯಿ, ಎಂಥ ಬಣ್ಣ, ಕೊಟ್ಟರೆ ಇಂಥದ್ದು ಕೊಡಬೇಕು ಎಂದುಕೊಂಡು ತೊಟ್ಟು ಮುರಿದೆ. ಬೀಜ ಅನ್ನುವ ಮಾತು ಆಗ ನನ್ನ ತಲೆಗೆ ಬರಲೇ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಚಾರ್ಜ್ ಲಿಸ್ಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಮನೆಯೊಡತಿ ಅದನ್ನು ಎರಡು ಕೈಯಲ್ಲಿ ಇಸಿದುಕೊಂಡರು. “ಎಂತ ಮಂಚಿ ದೋಸಕಾಯಂಡೀ. ಮಾ ದೋಸಕಾಯ ಗುಂಡ್ರಂಗಾ ಉಂಟುಂದಿ, ಇದಿ ಇಂತ ಪೊಡುಗಾ” ಎಂದು, ಇದೆಷ್ಟು ಉದ್ದ ಎಂಬ ಬೆರಗಿನಲ್ಲಿ ಅಳೆದು ನೋಡಿದರು. ಅವರ ಕಡೆಯ ದೋಸಕಾಯಿಯೂ ನಮ್ಮ ಸೌತೆಯ ದಾಯಾದಿಯೇ. ಆದರೆ ಗುಂಡಗೆ, ಕಿತ್ತಳೆಯಷ್ಟು. ನಾನು “ಪರವಾಲೇದಂಡಿ, ಉಂಚಂಡಿ”, ಇಟ್ಟುಕೊಳ್ಳಿ ಎಂದು ದೊರೆಯಂತೆ ಕೈ ಬೀಸಿ ಬಸ್ಸು ಹಿಡಿದೆ. ಆ ದಿನವೆಲ್ಲ ನನ್ನ ಔದಾರ್ಯದ ಬಗ್ಗೆ ನನಗೆ ಬಹಳ ಸಂತೋಷವಿತ್ತು.

ಸಂಜೆ ಮನೆಗೆ ಬಂದು ಚಹಾ ಇಡುವಾಗ ಹೆಂಡತಿಯ ಫೋನು ಬಂತು. ಊಟ, ಬಿಸಿಲು, ಎಲ್ಲ ಕೇಳಿದಳು. ಆಮೇಲೆ, “ಟ್ಯಾಂಕಿ ಪಕ್ಕದ್ದು ಹೇಗುಂಟು?” ಎಂದಳು.

ಆಗ ನೆನಪಾಯಿತು. ಆದರೆ ಇಪ್ಪತ್ತೇಳು ವರ್ಷದ ಸರ್ವೀಸು ಸುಮ್ಮನೆ ಹೋಗುತ್ತದೆಯೇ? ಮೇಲಿನವರು ಫೋನಿನಲ್ಲಿ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂದು ಹೇಳಿ ಆಮೇಲೆ ಚೆನ್ನಾಗಿ ಮಾಡಲು ಓಡುವುದು ನಮ್ಮ ರಕ್ತದಲ್ಲೇ ಇದೆ. “ಅದಕ್ಕೇನಾಗಿದೆ, ದಷ್ಟಪುಷ್ಟವಾಗಿದೆ” ಎಂದೆ.

ಅವಳು “ಸರಿ” ಎಂದು ಫೋನಿಟ್ಟಳು.

ಕೆಳಗೆ ಓಡಿದೆ. ಮನೆಯೊಡತಿ ಊಟದ ಮೇಜಿನ ಮೇಲೆ ಒಂದು ಗಾಜಿನ ಬಾಟಲಿ ನಿಲ್ಲಿಸಿಕೊಂಡು ನನ್ನನ್ನೇ ಕಾಯುತ್ತಿದ್ದಂತಿತ್ತು. ಸಾಸಿವೆ ಪುಡಿ, ಖಾರದ ಪುಡಿ, ಎಣ್ಣೆಯಲ್ಲಿ ಮುಳುಗಿದ ಹೋಳುಗಳು. ನಮ್ಮ ಮಾವಿನಕಾಯಿ ಉಪ್ಪಿನಕಾಯಿಯ ಹಾಗೆ ಅವರು ದೋಸಕಾಯಿಯಲ್ಲೂ ಹಾಕುತ್ತಾರೆ, ಬೀಜ ಸಮೇತ. ಬೀಜ ಏನಾದರೂ ತೆಗೆದಿಟ್ಟಿದ್ದೀರಾ ಎಂದು ಕೇಳಿದೆ. “ಗಿಂಜಲ್ಲೋನೇ ಉಂದಂಡೀ ರುಚಿ” ಎಂದರು. ರುಚಿಯೆಲ್ಲ ಬೀಜದಲ್ಲೇ ಇದೆಯಂತೆ. ಅಷ್ಟು ಪ್ರೀತಿಯಿಂದ ಹೇಳಿದವರಿಗೆ ನಾನೇನು ಹೇಳಲಿ? ಬಾಟಲಿ ಹಿಡಿದುಕೊಂಡು ಮೇಲೆ ಬಂದೆ.

ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಉಪ್ಪಿನಕಾಯಿಯನ್ನು ಜರಡಿಗೆ ಸುರಿದು ನಲ್ಲಿಯ ಕೆಳಗೆ ಹಿಡಿದು ಬೀಜ ಹೆಕ್ಕಿದೆ. ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ಅರ್ಧ ಗಂಟೆ ಕುಣಿದೆ. ನಲವತ್ತು ಬೀಜ ಬಿತ್ತಿದೆ. ಉಪ್ಪು, ಖಾರ, ಎಣ್ಣೆಯಲ್ಲಿ ಮಿಂದ ಬೀಜ ಮೊಳೆಯುವುದಿಲ್ಲ ಎಂದು ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ನನಗೆ ನಾಲ್ಕು ದಿನ ಬೇಕಾಯಿತು, ಅಷ್ಟರಲ್ಲಿ ಅವಳು ಬರುವ ದಿನ ಹತ್ತಿರ ಬಂತು.

ಕೊನೆಗೆ ಗಾಜುವಾಕದ ಸಂತೆಗೆ ಹೋಗಿ ಎರಡು ದೋಸಕಾಯಿ ತಂದೆ. ಬೀಜ ಬಿಡಿಸಿ, ಒಣಗಿಸಿ, ಒಲೆಯ ಬೂದಿ ಇಲ್ಲದ್ದಕ್ಕೆ ದೇವರ ಮುಂದಿನ ಊದುಬತ್ತಿಯ ಬೂದಿ ಸವರಿ, ಹಿತ್ತಾಳೆ ಕರಡಿಗೆಗೆ ತುಂಬಿದೆ. ಅವಳು ಬಂದವಳು ಕರಡಿಗೆಯ ಮುಚ್ಚಳ ತೆಗೆದು ನೋಡಿದಳು. “ಗಾಳಿಗೆ ಬಳ್ಳಿ ಮುರಿದುಬಿತ್ತು. ಅದಕ್ಕೇ ನಾನೇ ಕಾಯಿ ಕುಯ್ದು ಬೀಜ ಮಾಡಿಟ್ಟೆ. ಅತ್ತೆ ಮಾಡುತ್ತಿದ್ದ ಹಾಗೇ” ಎಂದೆ. ಅತ್ತೆಯ ಹೆಸರನ್ನೂ ಎಳೆದು ತಂದ ನನ್ನ ನಾಲಿಗೆಗೆ ಏನು ಹೇಳಬೇಕೋ ತಿಳಿಯದು. ಅವಳು ಬೀಜವನ್ನು ಮೂಸಿದಳು. ಮುಚ್ಚಳ ಹಾಕಿ ಒಳಗಿಟ್ಟಳು.

ಜೂನಿನಲ್ಲಿ ವಿಜಯವಾಡಕ್ಕೆ ವರ್ಗವಾಯಿತು, ಆಟೋನಗರದ ಶಾಖೆಗೆ. ಬಕೆಟ್ಟುಗಳು ಲಾರಿ ಹತ್ತಿದವು. ಅಲ್ಲಿನ ತಾರಸಿಯಲ್ಲಿ ಕಾಲಿಟ್ಟರೆ ಅಂಗಾಲು ಸುಡುತ್ತಿತ್ತು, ಸುತ್ತ ಲಾರಿ ರಿಪೇರಿಯ ಶೆಡ್ಡುಗಳು, ಬೆಳಗಿನಿಂದ ಸುತ್ತಿಗೆಯ ಸದ್ದು. ಇಲ್ಲಿ ಏನೂ ಬೆಳೆಯುವುದಿಲ್ಲ ಎಂದು ನನಗೆ ಆನಂದವಾಯಿತು. ಅವಳು ಹಳೇ ಸೀರೆಯ ಚಪ್ಪರ ಕಟ್ಟಿ, ಮೊದಲ ಮಳೆ ಬಿದ್ದ ಮರುದಿನ ಬೀಜ ಬಿತ್ತಿದಳು. ಎಲ್ಲವೂ ಮೊಳೆತವು. ನನ್ನ ಸುಳ್ಳಿಗೆ ಅಂಥ ಮೊಳಕೆಯ ಶಕ್ತಿ ಇದೆ ಎಂದು ನಾನು ಎಣಿಸಿರಲಿಲ್ಲ.

ನೀರು ಹಾಕುವ ಕೆಲಸವನ್ನು ನಾನೇ ಕೇಳಿ ಪಡೆದುಕೊಂಡೆ. ಹಾಕುವುದನ್ನು ಮರೆಯೋಣ ಎಂದು. ಆದರೆ ನಾನು ಮರೆತ ದಿನ ಮಳೆ ಬರುತ್ತಿತ್ತು. ಬಳ್ಳಿ ಸಾಯಲಿ ಎಂದು ಹರಕೆ ಹೊತ್ತ ತೋಟಗಾರ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಅವಳು ಮಾತ್ರ ಹಿಂದಿನಂತೆಯೇ ಎಲೆ ಒರೆಸುತ್ತಿದ್ದಳು, ಹುಳ ಹೆಕ್ಕುತ್ತಿದ್ದಳು, ಮಧ್ಯೆ ಮಧ್ಯೆ ನನ್ನ ಮುಖ ನೋಡುತ್ತಿದ್ದಳು. ಅದು ಬಳ್ಳಿಯ ಬಗ್ಗೆ ಮೆಚ್ಚುಗೆಯ ನೋಟ ಎಂದು ನಾನು ತಿಳಿದೆ.

ಆಗಸ್ಟಿನಲ್ಲಿ ಕಾಯಿ ಬಿಟ್ಟಿತು. ದಿನದಿನಕ್ಕೆ ಗುಂಡಗಾಯಿತು. ಉದ್ದವಾಗುವ ಲಕ್ಷಣವೇ ಇಲ್ಲ. ಒಂದು ಭಾನುವಾರ ಬೆಳಗ್ಗೆ ಅವಳು ಮೊದಲ ಕಾಯಿ ಕೊಯ್ದು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು. ಕಿತ್ತಳೆಯಷ್ಟು, ಹಳದಿ. ನಾನು ವಾರದಿಂದ ಮೊಬೈಲಿನಲ್ಲಿ ಓದಿ ತಯಾರಾಗಿದ್ದೆ.

“ಇದು ಕ್ರಾಸ್ ಆಗಿದೆ ಕಣೇ. ಗಾಜುವಾಕದಲ್ಲಿ ಸುತ್ತಮುತ್ತ ದೋಸಕಾಯಿ ಬೆಳೀತಿದ್ರಲ್ಲ, ಜೇನುನೊಣ ಅಲ್ಲಿಂದ ಪರಾಗ ತಂದಿರುತ್ತೆ. ವೈಜ್ಞಾನಿಕವಾಗಿ ನೋಡಿದ್ರೆ...”

“ಹೌದಾ” ಎಂದಳು. ಈಳಿಗೆಮಣೆ ಹಾಕಿಕೊಂಡು ಕೂತಳು. ಕಾಯಿಯನ್ನು ಎರಡು ಭಾಗ ಮಾಡಿದಳು. ನಾನು ಜೇನುನೊಣದ ಬಗ್ಗೆ ಇನ್ನೂ ಎರಡು ವಾಕ್ಯ ಹೇಳಿದೆ.

“ನೀವು ಕಾಯಿ ಕೊಟ್ಟ ದಿನ ಮಧ್ಯಾಹ್ನವೇ ಗಾಜುವಾಕದ ಮನೆಯೊಡತಿ ಫೋನ್ ಮಾಡಿದ್ರು” ಎಂದಳು. “ಎಷ್ಟು ಒಳ್ಳೆ ಕಾಯಿ ಕಳಿಸಿದೆ ಅಂತ ಹೊಗಳ್ಲಿಕ್ಕೆ. ಅವತ್ತೇ ಅಮ್ಮನ ವರ್ಷಾಂತಿಕ, ಭಟ್ರು ಆಗಷ್ಟೇ ಊಟ ಮಾಡಿ ಎದ್ದಿದ್ರು. ಬೀಜ ಉಂಟಾ ಕೇಳಿದೆ. ಎಲ್ಲ ಉಪ್ಪಿನಕಾಯಿಗೆ ಹಾಕಿ ಆಯ್ತು ಅಂದ್ರು. ಪಾಪ, ಅವರಿಗೆಂತ ಗೊತ್ತು. ಸಂಜೆ ನಾನು ಫೋನ್ ಮಾಡಿದ್ದು ಅದಕ್ಕೆ. ನೀವು ಹೇಳ್ತೀರಿ ಅಂತ.”

ನನ್ನ ಬಾಯಿಂದ ಜೇನುನೊಣ ಹಾರಿಹೋಯಿತು. “ಹಾಗಾದ್ರೆ ಇದನ್ನೆಲ್ಲ ಯಾಕೆ ಬಿತ್ತಿದೆ?” ಎಂದೆ. ಕೇಳಬಾರದ ಪ್ರಶ್ನೆಯನ್ನು ಕೇಳುವುದರಲ್ಲೂ ನಾನು ಮುಂದು.

“ಬಿತ್ತುವಾಗ ಹೇಳ್ತೀರಿ ಅಂದ್ಕೊಂಡೆ. ಮೊಳೆತಾಗ ಹೇಳ್ತೀರಿ ಅಂದ್ಕೊಂಡೆ. ಹೂ ಬಂತು, ಮಿಡಿ ಬಂತು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. “ಪಾತ್ರೆ ಖಾಲಿ ಕೊಡಬಾರದು ಅಂತಿದ್ರೆ ಒಂದು ಚಮಚ ಸಕ್ಕರೆ ಹಾಕಿದ್ರೆ ಸಾಕಿತ್ತು ಮಾರಾಯ್ರೆ. ಹೋಗ್ಲಿ. ಈಗ ಹೇಳಿ.”

“ಏನು ಹೇಳೋದು? ನಿನಗೆಲ್ಲ ಗೊತ್ತಲ್ಲ.”

“ನಿಮ್ಮ ಬಾಯಲ್ಲಿ ಹೇಳಿ. ಅಮ್ಮನ ಕಾಯಿ ಎಂತಾಯ್ತು?”

ನಿಂತಲ್ಲೇ ಹೇಳಿದೆ. ಡಬ್ಬಿ, ಅವಸರ, ತೊಟ್ಟು ಮುರಿದದ್ದು, ಫೋನಿನಲ್ಲಿ ಸುಳ್ಳಾಡಿದ್ದು, ಜರಡಿ, ಸಂತೆ, ಊದುಬತ್ತಿಯ ಬೂದಿ, ಒಂದನ್ನೂ ಬಿಡಲಿಲ್ಲ. ಎರಡು ನಿಮಿಷವೂ ಹಿಡಿಯಲಿಲ್ಲ. “ಹೋಯ್ತು ಕಣೇ. ನಾನೇ ಕಳೆದೆ. ಇನ್ನಿಲ್ಲ ಅದು” ಎಂದೆ.

ಅವಳು ಈಳಿಗೆಮಣೆಯನ್ನು ಪಕ್ಕಕ್ಕೆ ಸರಿಸಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಅತ್ತೆ ಹೋಗಿ ಒಂದೂವರೆ ವರ್ಷವಾಗಿತ್ತು, ಅವಳು ನನ್ನೆದುರು ಹಾಗೆ ಅತ್ತದ್ದು ಅದೇ ಮೊದಲು. ವರ್ಷಾಂತಿಕ ಮುಗಿಸಿ ಬಂದವಳಿಗೆ ಗಾಜುವಾಕದ ಆ ಮನೆಯಲ್ಲಿ ಕೂತು ಅಳಬೇಕಿತ್ತು. ಬೀಜ ಭದ್ರವಾಗಿದೆ ಎಂದು ಗಂಡ ಬಾಯಿ ತುಂಬ ಹೇಳುತ್ತಿರುವಾಗ ಯಾವುದಕ್ಕೆಂದು ಅತ್ತಾಳು? ಆರು ತಿಂಗಳು ಅವಳ ಅಳುವನ್ನೂ ನಾನೇ ಕರಡಿಗೆಯಲ್ಲಿ ಮುಚ್ಚಿಟ್ಟಿದ್ದೆ. ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. “ಅಮ್ಮ ಇಲ್ಲ” ಎಂದಳು. “ಹೌದು, ಇಲ್ಲ” ಎಂದೆ.