ನಾದಿನಿ ಹೊರಟ ಮೇಲೆ ಗುಡಿಸದ ಹಾಲ್

ಸ್ವೀಪ್ ಅಂದರೆ ಗುಡಿಸುವುದು, ಮಾಪ್ ಅಂದರೆ ನೆಲ ಒರೆಸುವುದು, ಡಸ್ಟ್ ಅಂದರೆ ಧೂಳು ಕೊಡವುವುದು. ಕುವೈತಿನ ಮನೆಗೆಲಸದ ಇಂಟರ್‌ವ್ಯೂಗೆಂದು ನಾದಿನಿಗೆ ತಿಂಗಳಿಡೀ ಹೇಳಿಕೊಟ್ಟವಳು ನಾನೇ ಮಾರಾಯ್ರೇ.

ಕೆಲಸ ಸಿಕ್ಕಿ ಇವತ್ತು ಮಧ್ಯಾಹ್ನ ಅವಳು ಏರ್‌ಪೋರ್ಟಿಗೆ ಹೊರಟಳು. ನಾನು ಹಿಡಿಸೂಡಿ ತೆಗೆದದ್ದೇ ಅತ್ತೆ ಓಡಿ ಬಂದರು.

"ಎಂತ ಮಾಡ್ತಿ? ಹೋದವರು ಅಲ್ಲಿಗೆ ಹೋಗಿ ಮುಟ್ಟುವವರೆಗೆ ಗುಡಿಸಬಾರದು."

"ಹಾಗಾದರೆ ಒರೆಸ್ತೇನೆ."

"ಅದಂತೂ ಬೇಡ. ಅದು ಹೆಣ ಕೊಂಡುಹೋದ ಮೇಲೆ ಮಾಡುವುದು."

"ಧೂಳು ಕೊಡವಬಹುದಾ?"

ಅತ್ತೆ ಸ್ವಲ್ಪ ಯೋಚಿಸಿ, "ಅದಕ್ಕೆ ತೊಂದರೆ ಇಲ್ಲ" ಅಂದರು.

ಈಗ ಸಂಜೆ. ಅವಳು ಸೂಟ್‌ಕೇಸ್ ಎಳೆದ ಮಣ್ಣಿನ ಗೆರೆ ಹಾಲ್‌ನಲ್ಲಿ ಹಾಗೆಯೇ ಉಂಟು. ನಾವಿಬ್ಬರೂ ಅದನ್ನು ದಾಟಿಕೊಂಡೇ ಓಡಾಡ್ತಿದ್ದೇವೆ. ಗುಡಿಸದೆ ಕಾಯುವುದಕ್ಕೆ ಇಂಗ್ಲಿಷಿನಲ್ಲಿ ಎಂತ ಹೇಳ್ತಾರೆ, ಗೊತ್ತಿದ್ದವರು ಹೇಳಿ.