ತಟ್ಟೆಯ ಅಂಚಿನ ಕರಿಬೇವು

ಬೆನ್ನಿಗೆ ಔಷಧಿ ಹೊಡೆಯುವ ಪಂಪು ಏರಿಸಿಕೊಂಡ ಹೆಂಗಸನ್ನು ಆ ಕಾಲದ ಗೋರೆಗಾಂವ್ ನೋಡಿರಲಿಲ್ಲ. ನೋಡಲಿ ಅಂತಲೇ ನಾನು ಏರಿಸಿಕೊಳ್ಳುತ್ತಿದ್ದೆ. ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ಕೆಲಸ ನನ್ನದು. ಗಿಡಕ್ಕೆ ರೋಗ ಬಂದರೆ, ಹುಳ ಬಿದ್ದರೆ, ಬೆಳೆದವರ ಬಳಿಗೇ ಹೋಗಿ ದಾರಿ ಹೇಳಬೇಕು.

ಎಪ್ಪತ್ತರ ದಶಕದ ಒಂದು ಮಳೆಗಾಲ ಮುಗಿಯುವಾಗ ಅಲ್ಲಿನ ಅಜ್ಜಿಯೊಬ್ಬಳ ಕರಿಬೇವಿಗೆ ಹುಳ ಬಿತ್ತು. ಅವಳು ವಿಜಾಪುರದ ಕಡೆಯವಳು. ತಾನಿದ್ದ ಸಾಲುಮನೆಗಳ ಚಾಳಿನ ಹಿಂದಿನ ತುಂಡು ಜಾಗದಲ್ಲಿ ಗಿಡ ಬೆಳೆಸಿ, ದಿನಾ ಬೆಳಿಗ್ಗೆ ಸೊಪ್ಪು ಕಿತ್ತು ಗ್ರಾಂಟ್ ರೋಡಿನ ಉಡುಪಿ ಹೋಟೆಲಿಗೆ ಕೊಡುತ್ತಿದ್ದಳು. ಅವಳ ಒಲೆ ಉರಿಯುತ್ತಿದ್ದದ್ದು ಅದರಿಂದಲೇ.

ಮಂಗಳೂರು ಕಡೆಯವರಾದ ನಮ್ಮ ಮೇಲಧಿಕಾರಿ ಸುತ್ತಲಿನವರನ್ನೆಲ್ಲ ಸೇರಿಸಿ ಅಲ್ಲೇ ಹೊಸ ಔಷಧಿಯ ಪ್ರಾತ್ಯಕ್ಷಿಕೆ ಇಟ್ಟರು. ಹೊಡೆದು ತೋರಿಸಬೇಕಾದವಳು ನಾನು. ಡಬ್ಬಿಯ ಮೇಲಿದ್ದುದನ್ನು ಓದಿದೆ. ಹೊಡೆದ ಮೇಲೆ ವಾರಗಟ್ಟಲೆ ಸೊಪ್ಪು ಕೀಳುವಂತಿಲ್ಲ.

"ಸರ್, ನಾಳೆ ಬೆಳಿಗ್ಗೆಯೇ ಇದು ಒಗ್ಗರಣೆಗೆ ಬೀಳುತ್ತೆ. ನಾನು ಹೊಡೆಯಲ್ಲ."

"ಕರಿಬೇವು ಯಾರು ತಿಂತಾರೆ ಮಾರಾಯ್ತಿ? ಎಲ್ಲರೂ ತಟ್ಟೆಯ ಬದಿಗೆ ಇಡುವುದೇ ಅಲ್ವಾ?" ಎಂದು ಅವರು ನಕ್ಕರು. ಸೇರಿದ್ದವರೂ ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. "ಎಲೆ ಬದಿಗಿಡಬಹುದು ಸರ್. ಎಣ್ಣೆಗೆ ಇಳಿದದ್ದನ್ನು ಎಲ್ಲಿಡ್ತೀರಿ?" ಎಂದವಳೇ ಪಂಪು ಇಳಿಸಿ ಅದರ ಮೇಲೇ ಕೂತುಬಿಟ್ಟೆ.

ಅಜ್ಜಿಗೆ ಸಿಟ್ಟು ಬಂದದ್ದು ನನ್ನ ಮೇಲೆ. "ಓದಿದಾಕಿ ಅಂತ ಕರದ್ರ ಕುಂತಬಿಟ್ಟೀಯಲ್ಲ. ಹುಳ ಎಲ್ಲಾ ತಿಂದ ಮ್ಯಾಲ ನಾ ಏನ್ ಮಾರ್ಲಿ? ನೀ ಹಾಕ್ತೀ ಏನ್ ಕೂಳು?"

"ಹುಳ ನಾನೇ ಆರಿಸ್ತೀನಿ ಅಜ್ಜಿ, ಕೈಯಿಂದ."

ಆಡಿ ತಪ್ಪುವ ಜಾಯಮಾನ ನನ್ನದಲ್ಲ. ಮರುದಿನದಿಂದ ನಾನಿದ್ದ ಸಯನ್‌ನಲ್ಲಿ ನಸುಕಿನ ಲೋಕಲ್ ರೈಲು ಹಿಡಿದು, ದಾದರಿನಲ್ಲಿ ಬದಲಿಸಿ, ಕಚೇರಿಗೆ ಮೊದಲು ಅಲ್ಲಿಗೆ ಹೋದೆ. ಎಳೆ ಹುಳ ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತದೆ, ಬಲಿತದ್ದು ಎಲೆಯದೇ ಹಸಿರು. ಮುಟ್ಟಿದರೆ ಕೊಂಬು ಚಾಚಿ ಗಬ್ಬು ನಾರುತ್ತದೆ. ಒಂದೊಂದನ್ನೇ ಆರಿಸಿ ಸೀಮೆಎಣ್ಣೆಯ ಡಬ್ಬಕ್ಕೆ ಹಾಕಿದೆ. ಮೊದಮೊದಲು ಮುಖ ತಿರುಗಿಸಿ ಕೂತಿದ್ದ ಅಜ್ಜಿ ಆಮೇಲೆ ತಾನೂ ಒಂದು ಡಬ್ಬ ಹಿಡಿದು ಬಂದಳು. ಗಿಡ ಮತ್ತೆ ಚಿಗುರಿತು. ಸಾಹೇಬರು ಮಾತ್ರ ನನ್ನನ್ನು ಮುಂದೆ ಯಾವ ಪ್ರಾತ್ಯಕ್ಷಿಕೆಗೂ ಕರೆಯಲಿಲ್ಲ. ಕರೆಯದಿದ್ದರೆ ಬಿಡಲಿ, ಯಾರಿಗೆ ಬೇಕಿತ್ತು.

ಕೆಲವು ವಾರಗಳ ಮೇಲೆ ಕಚೇರಿಯ ಕೆಲಸಕ್ಕೆಂದು ಗ್ರಾಂಟ್ ರೋಡಿಗೆ ಹೋದಾಗ ಅಜ್ಜಿ ಸೊಪ್ಪು ಕೊಡುವ ಅದೇ ಹೋಟೆಲಿನಲ್ಲಿ ಸಾಹೇಬರ ಎದುರಿಗೇ ಕೂರಬೇಕಾಯಿತು. ಇಬ್ಬರಿಗೂ ಉಪ್ಪಿಟ್ಟು ಬಂತು. ಅವರು ಕರಿಬೇವನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸತೊಡಗಿದರು.

"ಧೈರ್ಯವಾಗಿ ತಿನ್ನಿ ಸರ್," ಎಂದೆ. "ಔಷಧಿ ಹೊಡೆದಿಲ್ಲ."

ಅವರು ಇನ್ನೊಂದು ಎಲೆಯನ್ನೂ ಅಂಚಿಗೆ ಸರಿಸಿದರು. ನನ್ನ ತಟ್ಟೆಯಲ್ಲಿದ್ದ ಎಲೆಗಳನ್ನೆಲ್ಲ ನಾನು ಅವರ ಎದುರೇ ಅಗಿದು ನುಂಗಿದೆ.